ಸೋತವರು ಕಾಣದ ಮೋಸ: ‘ಮೆಕ್‌ಮಿಲಿಯನ್ಸ್’ ಸಾಕ್ಷ್ಯಚಿತ್ರ ಸರಣಿಯ ಕುರಿತು

ಸ್ನೇಹಿತರೇ,

2001ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಒಬ್ಬ ವ್ಯಕ್ತಿಯನ್ನು ಕಾಣಲು ಕ್ಯಾಮೆರಾ, ದೀಪ, ಮೈಕುಗಳನ್ನು ಹೊತ್ತ ಒಂದು ತಂಡ ಬಂದಿತು. ಮೆಕ್‌ಡೊನಾಲ್ಡ್ಸ್ ಕಂಪನಿಯ ಮೊನೊಪೊಲಿ ಸ್ಪರ್ಧೆಯಲ್ಲಿ ಆತ 10 ಲಕ್ಷ ಡಾಲರ್ ಗೆದ್ದಿದ್ದ. ಆ ಸಂತೋಷವನ್ನು ಚಿತ್ರೀಕರಿಸಲು ಕಂಪನಿಯೇ ತಮ್ಮನ್ನು ಕಳಿಸಿದೆ ಎಂದು ತಂಡದವರು ಹೇಳಿಕೊಂಡರು. ಗೆದ್ದ ಬಗೆಯನ್ನು ಆತ ಉತ್ಸಾಹದಿಂದ ವಿವರಿಸಿದ. ಸಮುದ್ರ ತೀರದಲ್ಲಿ ಓದುತ್ತಿದ್ದ ಪತ್ರಿಕೆ ನೀರಿಗೆ ಬಿತ್ತು, ಹಿಂದಿರುಗುವಾಗ ಅಂಗಡಿಯಲ್ಲಿ ಇನ್ನೊಂದು ಪತ್ರಿಕೆ ಕೊಂಡೆ, ಅದರೊಳಗಿನ ಜಾಹೀರಾತು ಹಾಳೆಯಲ್ಲಿ ಗೆಲುವಿನ ಚೀಟಿ ಅಂಟಿಕೊಂಡಿತ್ತು ಎಂದ. ಕ್ಯಾಮೆರಾದ ಹಿಂದೆ ನಿಂತು ತಲೆಯಾಡಿಸುತ್ತಿದ್ದವರು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿಗಳು. ಆತ ಹೇಳಿದ್ದರಲ್ಲಿ ಒಂದು ಮಾತೂ ನಿಜವಲ್ಲವೆಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಆ ಸುಳ್ಳನ್ನು ಅವನ ಬಾಯಿಯಿಂದಲೇ ದಾಖಲಿಸಿಕೊಳ್ಳುವುದು.

ಜೇಮ್ಸ್ ಲೀ ಹರ್ನಾಂಡೆಜ್ ಮತ್ತು ಬ್ರಯನ್ ಲಜಾರ್ಟೆ ನಿರ್ದೇಶಿಸಿ, 2020ರ ಫೆಬ್ರವರಿಯಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದ ‘ಮೆಕ್‌ಮಿಲಿಯನ್ಸ್’ ಎಂಬ ಆರು ಕಂತುಗಳ ಸರಣಿ, ಸ್ಪರ್ಧೆಯ ಗೆಲುವಿನ ಚೀಟಿಗಳನ್ನು ಒಳಗಿನವನೊಬ್ಬನೇ ಕದ್ದು ಹಂಚಿದ ಈ ಪ್ರಕರಣವನ್ನು ಹೇಳುತ್ತದೆ. ಸರಣಿಯನ್ನು ನೋಡಿದವರು ಸಾಮಾನ್ಯವಾಗಿ ಕಳ್ಳನ ಚಾಣಾಕ್ಷತನವನ್ನೋ ಪೊಲೀಸರ ಲವಲವಿಕೆಯನ್ನೋ ನೆನಪಿಸಿಕೊಳ್ಳುತ್ತಾರೆ. ನಾನು ಈ ಸಂಜೆ ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಹನ್ನೆರಡು ವರ್ಷ ನಡೆದ ಈ ಮೋಸದಲ್ಲಿ ನಷ್ಟ ಅನುಭವಿಸಿದವರು ಯಾರು, ಮತ್ತು ಅವರನ್ನು ತೋರಿಸುವುದು ಒಂದು ಸಾಕ್ಷ್ಯಚಿತ್ರಕ್ಕೆ ಏಕೆ ಇಷ್ಟು ಕಷ್ಟವಾಯಿತು?

ಮೊದಲು ಆಟದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊನೊಪೊಲಿ ಎಂಬ ಹಲಗೆಯಾಟದ ಹೆಸರಿನಲ್ಲಿ ಮೆಕ್‌ಡೊನಾಲ್ಡ್ಸ್ 1987ರಲ್ಲಿ ಈ ಪ್ರಚಾರ ಸ್ಪರ್ಧೆಯನ್ನು ಆರಂಭಿಸಿತು. ತಂಪು ಪಾನೀಯದ ಲೋಟಗಳ ಮೇಲೆ, ಆಲೂಗಡ್ಡೆ ಫ್ರೈಗಳ ಪೊಟ್ಟಣಗಳ ಮೇಲೆ, ಪತ್ರಿಕೆಗಳ ಒಳಹಾಳೆಗಳಲ್ಲಿ ಪುಟ್ಟ ಚೀಟಿಗಳು ಇರುತ್ತಿದ್ದವು. ಕೆಲವು ಚೀಟಿಗಳನ್ನು ಸುಲಿದ ಕೂಡಲೇ ಬಹುಮಾನ ತಿಳಿಯುತ್ತಿತ್ತು. ಉಳಿದವುಗಳಲ್ಲಿ ಆಟದ ಹಲಗೆಯ ಮೇಲಿನ ಬೀದಿಗಳ ಹೆಸರುಗಳಿದ್ದು, ಒಂದೇ ಬಣ್ಣದ ಗುಂಪನ್ನು ಪೂರ್ತಿಗೊಳಿಸಿದವರಿಗೆ ಬಹುಮಾನ. ಪ್ರತಿ ಗುಂಪಿನಲ್ಲೂ ಒಂದು ಚೀಟಿಯನ್ನು ಮಾತ್ರ ಅತಿ ವಿರಳವಾಗಿ ಮುದ್ರಿಸಲಾಗುತ್ತಿತ್ತು. ‘ಪಾರ್ಕ್ ಪ್ಲೇಸ್’ ಯಾರಿಗೆ ಬೇಕಾದರೂ ಸಿಗುತ್ತಿತ್ತು, ಅದರ ಜೋಡಿಯಾದ ‘ಬೋರ್ಡ್‌ವಾಕ್’ ಸಿಗುತ್ತಿರಲಿಲ್ಲ. ಹೀಗಾಗಿ ಲಕ್ಷಾಂತರ ಮನೆಗಳಲ್ಲಿ ಜನ ‘ಇನ್ನೊಂದೇ ಒಂದು ಚೀಟಿ’ ಎಂಬ ಭಾವನೆಯಲ್ಲಿ ಕಾಯುತ್ತಿದ್ದರು. ಆ ಭಾವನೆಯೇ ಕಂಪನಿಯ ನಿಜವಾದ ಸರಕು ಎಂದು ನನಗನ್ನಿಸುತ್ತದೆ, ಏಕೆಂದರೆ ಅದಕ್ಕಾಗಿಯೇ ಜನ ಮತ್ತೆ ಮತ್ತೆ ಅಂಗಡಿಗೆ ಹೋಗುತ್ತಿದ್ದರು.

ಅಮೆರಿಕದ ಕಾನೂನಿನಲ್ಲಿ ಬಹುಮಾನ, ಅದೃಷ್ಟ ಮತ್ತು ಹಣ ಪಾವತಿ ಈ ಮೂರೂ ಸೇರಿದರೆ ಅದು ಲಾಟರಿ. ಲಾಟರಿಯನ್ನು ಖಾಸಗಿ ಕಂಪನಿ ನಡೆಸುವಂತಿಲ್ಲ. ಆದ್ದರಿಂದ ಏನನ್ನೂ ಕೊಳ್ಳದೆ ಅಂಚೆಯಲ್ಲಿ ಬರೆದು ಕೇಳಿದರೂ ಚೀಟಿ ಕಳಿಸಿಕೊಡುವ ವ್ಯವಸ್ಥೆ ಇತ್ತು. ಇದು ಸಣ್ಣ ತಾಂತ್ರಿಕ ಸಂಗತಿಯಂತೆ ಕಂಡರೂ, ಕಾನೂನಿನ ದೃಷ್ಟಿಯಲ್ಲಿ ಆಟಗಾರನು ಆಟಕ್ಕಾಗಿ ಹಣವನ್ನೇ ಕೊಟ್ಟಿಲ್ಲ ಎಂಬ ಸ್ಥಿತಿಯನ್ನು ಅದು ಉಂಟುಮಾಡುತ್ತದೆ. ಹಣ ಕೊಡದವನು ಹಣ ಕಳೆದುಕೊಂಡೆನೆಂದು ಹೇಗೆ ದೂರಬೇಕು? ನಷ್ಟದ ಪ್ರಶ್ನೆ ಇಲ್ಲಿಂದಲೇ ಜಟಿಲವಾಗುತ್ತದೆ.

ಸ್ಪರ್ಧೆಯನ್ನು ನಡೆಸಿಕೊಡುತ್ತಿದ್ದುದು ಮೆಕ್‌ಡೊನಾಲ್ಡ್ಸ್ ಅಲ್ಲ, ಲಾಸ್ ಏಂಜಲೀಸ್‌ನ ಸೈಮನ್ ಮಾರ್ಕೆಟಿಂಗ್ ಎಂಬ ಸಂಸ್ಥೆ. ಅದರ ಭದ್ರತಾ ನಿರ್ದೇಶಕ ಜೆರೋಮ್ ಜೇಕಬ್‌ಸನ್, ಫ್ಲಾರಿಡಾದ ಹಾಲಿವುಡ್ ಎಂಬ ಊರಿನ ಮಾಜಿ ಪೊಲೀಸ್. ಜಾರ್ಜಿಯಾ ರಾಜ್ಯದ ಮುದ್ರಣಾಲಯದಲ್ಲಿ ಚೀಟಿಗಳು ಅಚ್ಚಾಗುವುದರಿಂದ ಹಿಡಿದು, ಬೆಲೆಬಾಳುವ ಚೀಟಿಗಳನ್ನು ಬೇರೆ ಬೇರೆ ಊರುಗಳ ಪ್ಯಾಕೇಜಿಂಗ್ ಕಾರ್ಖಾನೆಗಳಿಗೆ ಒಯ್ದು ಲೋಟ, ಪೊಟ್ಟಣಗಳ ನಡುವೆ ಸೇರಿಸುವವರೆಗೆ ಎಲ್ಲವೂ ಆತನ ಉಸ್ತುವಾರಿಯಲ್ಲಿತ್ತು. ಆತ ಎಷ್ಟು ಕಟ್ಟುನಿಟ್ಟಿನವನಾಗಿದ್ದನೆಂದರೆ ಕೆಲಸಗಾರರು ಚೀಟಿ ಕದ್ದೊಯ್ಯುತ್ತಾರೇನೋ ಎಂದು ಅವರ ಬೂಟುಗಳನ್ನೂ ಪರೀಕ್ಷಿಸುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಆದರೆ ಈ ಬೇಲಿ ತಾನು ಮೇಯುವುದಕ್ಕಿಂತ ಹೆಚ್ಚಾಗಿ, ಹೊಲದೊಳಗೆ ಯಾರು ಮೇಯಬೇಕು ಎಂಬುದನ್ನು ನಿರ್ಧರಿಸುತ್ತಿತ್ತು.

ಕಳವಿನ ವಿಧಾನ ಹೀಗಿತ್ತು. ಬೆಲೆಬಾಳುವ ಚೀಟಿಗಳನ್ನು ಲಕೋಟೆಯಲ್ಲಿಟ್ಟು, ತೆರೆದರೆ ಗೊತ್ತಾಗುವಂತಹ ವಿಶೇಷ ಸೀಲನ್ನು ಅಂಟಿಸಲಾಗುತ್ತಿತ್ತು. ಆ ಲಕೋಟೆಯೊಂದಿಗೆ ಜೇಕಬ್‌ಸನ್ ಪ್ರಯಾಣಿಸುವಾಗ ಸ್ವತಂತ್ರ ಲೆಕ್ಕಪರಿಶೋಧಕರೊಬ್ಬರು ಜೊತೆಗಿರಲೇಬೇಕು. ಒಮ್ಮೆ ಹಾಂಗ್‌ಕಾಂಗ್‌ನ ಪೂರೈಕೆದಾರರು ಅದೇ ಸೀಲುಗಳ ಒಂದು ಕಟ್ಟನ್ನು ತಪ್ಪಿ ಜೇಕಬ್‌ಸನ್‌ನ ಹೆಸರಿಗೇ ಕಳಿಸಿದರು. ಜೊತೆಗಿದ್ದ ಪರಿಶೋಧಕರು ಮಹಿಳೆ. ವಿಮಾನ ನಿಲ್ದಾಣದ ಪುರುಷರ ಶೌಚಾಲಯದೊಳಕ್ಕೆ ಅವರು ಬರುವಂತಿರಲಿಲ್ಲ. ಆತ ಒಳಹೋಗಿ, ಲಕೋಟೆ ತೆರೆದು, ಗೆಲುವಿನ ಚೀಟಿಗಳ ಜಾಗದಲ್ಲಿ ಸಾಮಾನ್ಯ ಚೀಟಿಗಳನ್ನಿಟ್ಟು, ಹೊಸ ಸೀಲು ಅಂಟಿಸಿ ಹೊರಬರುತ್ತಿದ್ದ. ಇಡೀ ಭದ್ರತಾ ವ್ಯವಸ್ಥೆ ನಿಂತಿದ್ದುದು ಒಂದು ಕಾಗದದ ಸೀಲು ಮತ್ತು ಒಂದು ಜೊತೆ ಕಣ್ಣುಗಳ ಮೇಲೆ; ಎರಡೂ ಕೆಲವು ನಿಮಿಷ ಇಲ್ಲವಾದರೆ ಸಾಕಿತ್ತು.

1989ರಲ್ಲಿ ಆತ ಕೊಟ್ಟ ಮೊದಲ ಕದ್ದ ಚೀಟಿ ಮಲಸೋದರನೊಬ್ಬನಿಗೆ, ಅದರ ಬೆಲೆ 25,000 ಡಾಲರ್. ಅಲ್ಲಿಂದ ಜಾಲ ಬೆಳೆಯಿತು. ಮಾಫಿಯಾದ ನಂಟಿನವನೆಂದು ಹೇಳಿಕೊಳ್ಳುತ್ತಿದ್ದ ಜೆನಾರೊ ಕೊಲಂಬೊ 1995ರ ಹೊತ್ತಿಗೆ ಸೇರಿಕೊಂಡ ಮೇಲೆ ಅದು ನಿಜವಾದ ಉದ್ಯಮವೇ ಆಯಿತು. ಮಧ್ಯವರ್ತಿಗಳು ‘ಗೆಲ್ಲುವವರನ್ನು’ ಹುಡುಕುವುದು, ಅವರಿಂದ ಮುಂಗಡವಾಗಿ ಹತ್ತಾರು ಸಾವಿರ ಡಾಲರ್ ಪಡೆಯುವುದು, ಯಾವ ಊರಿನಲ್ಲಿ ಯಾವ ತಿನಿಸು ಕೊಂಡಾಗ ಚೀಟಿ ಸಿಕ್ಕಿತೆಂದು ಹೇಳಬೇಕೆಂಬ ಕಥೆಯನ್ನು ಬಾಯಿಪಾಠ ಮಾಡಿಸುವುದು. ಕೊಲಂಬೊನನ್ನೂ ಜನ ‘ಜೆರಿ’ ಎನ್ನುತ್ತಿದ್ದರು, ಜೇಕಬ್‌ಸನ್ ‘ಅಂಕಲ್ ಜೆರಿ’; ಈ ಎರಡು ಜೆರಿಗಳ ಗೊಂದಲವನ್ನು ಸರಣಿ ಮೊದಲ ಕಂತುಗಳಲ್ಲಿ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ. ಕೊಲಂಬೊ ಸ್ವತಃ ಒಂದು ಕಾರು ಗೆದ್ದವನಾಗಿ, ದೊಡ್ಡದೊಂದು ರಟ್ಟಿನ ಕೀಲಿಕೈ ಹಿಡಿದು ಮೆಕ್‌ಡೊನಾಲ್ಡ್ಸ್‌ನ ದೂರದರ್ಶನ ಜಾಹೀರಾತಿನಲ್ಲಿ ಹಲ್ಲು ಕಿರಿದಿದ್ದಾನೆ. 1998ರಲ್ಲಿ ಕಾರು ಅಪಘಾತದಿಂದ ಆತ ತೀರಿಕೊಂಡ. ಬೇರೆ ಮಧ್ಯವರ್ತಿಗಳ ಮೂಲಕ ಜಾಲ ಮುಂದುವರಿಯಿತು.

ಒಂದು ಚೀಟಿ ಮಾತ್ರ ಬೇರೆಯೇ ದಾರಿ ಹಿಡಿಯಿತು. 1995ರಲ್ಲಿ ಟೆನೆಸ್ಸಿಯ ಮೆಂಫಿಸ್‌ನಲ್ಲಿರುವ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ ಡಲ್ಲಾಸ್‌ನ ಅಂಚೆ ಮುದ್ರೆಯಿದ್ದ, ಕಳಿಸಿದವರ ಹೆಸರಿಲ್ಲದ ಲಕೋಟೆಯೊಂದು ಬಂತು. ಒಳಗಿದ್ದುದು 10 ಲಕ್ಷ ಡಾಲರ್‌ನ ಚೀಟಿ. ಚೀಟಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ಆದರೂ ಕಂಪನಿ ಅದನ್ನು ಮಾನ್ಯ ಮಾಡಿ, ವರ್ಷಕ್ಕೆ 50,000 ಡಾಲರ್‌ನಂತೆ 20 ವರ್ಷ ಕೊಡಲು ಒಪ್ಪಿತು. ಅದನ್ನು ಕಳಿಸಿದವನು ಜೇಕಬ್‌ಸನ್ ಎಂಬುದು ತನಿಖೆಯಿಂದ ಹೊರಬಿದ್ದ ಮೇಲೂ ಪಾವತಿ ನಿಲ್ಲಲಿಲ್ಲ. ಇದನ್ನು ಕೇಳಿ ಕಳ್ಳನ ಬಗ್ಗೆ ಮನಸ್ಸು ಮೆತ್ತಗಾಗುವವರಿದ್ದಾರೆ. ನನಗೆ ಮಾತ್ರ ಇದರಲ್ಲಿ ಕಾಣುವುದು ಬೇರೆ. ಅಷ್ಟು ಹೊತ್ತಿಗೆ ಆ ಚೀಟಿಗಳು ತನ್ನವೇ ಎಂದು ಆತ ಎಷ್ಟು ಗಟ್ಟಿಯಾಗಿ ನಂಬಿದ್ದನೆಂದರೆ ಅವುಗಳಲ್ಲಿ ಒಂದನ್ನು ದಾನ ಮಾಡಲೂ ಅವನಿಗೆ ಸಾಧ್ಯವಾಯಿತು.

ಇನ್ನು ತನಿಖೆ. 2000ದಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ಎಫ್‌ಬಿಐ ಕಚೇರಿಗೆ ಒಬ್ಬ ಮಾಹಿತಿದಾರರಿಂದ ಸುಳಿವು ಬಂತು. ರಿಚರ್ಡ್ ಡೆಂಟ್ ಎಂಬ ಅಧಿಕಾರಿ ಅದರ ಬೆನ್ನುಹತ್ತಿದರು. ಆರೋಗ್ಯ ಸೇವೆ ವಂಚನೆಯ ಕಡತಗಳಿಂದ ಬೇಸತ್ತಿದ್ದ ಡಗ್ ಮ್ಯಾಥ್ಯೂಸ್ ಎಂಬ ತರುಣ ಅಧಿಕಾರಿ, ಮೆಕ್‌ಡೊನಾಲ್ಡ್ಸ್ ಮೊನೊಪೊಲಿ ವಂಚನೆ ಎಂದು ಬರೆದಿದ್ದ ಸಣ್ಣ ಅಂಟುಚೀಟಿಯೊಂದನ್ನು ಡೆಂಟ್ ಅವರ ಬಳಿ ಕಂಡು ತಾನೂ ಸೇರಿಕೊಂಡರು. ಗೆದ್ದವರಲ್ಲಿ ಹಲವರು ಪರಸ್ಪರ ಸಂಬಂಧಿಕರು ಅಥವಾ ಒಂದೇ ಬಳಗದ ಪರಿಚಿತರೆಂಬುದು ದೂರವಾಣಿ ದಾಖಲೆಗಳಿಂದ ಸ್ಪಷ್ಟವಾಯಿತು. ಆದರೆ ಸಾಕ್ಷ್ಯ ಸಿಗಬೇಕಾದರೆ ಮೋಸ ಇನ್ನೊಮ್ಮೆ ನಡೆಯಬೇಕಿತ್ತು. ಹೀಗೆ ಎಫ್‌ಬಿಐ ಕೋರಿಕೆಯ ಮೇರೆಗೆ ಮೆಕ್‌ಡೊನಾಲ್ಡ್ಸ್ 2001ರ ಬೇಸಿಗೆಯಲ್ಲಿ ಮತ್ತೊಂದು ಸುತ್ತು ಸ್ಪರ್ಧೆಯನ್ನು ನಡೆಸಿತು, ಅಧಿಕಾರಿಗಳು ಫೋನ್ ಕದ್ದಾಲಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹುಮಾನ ಕಳ್ಳರ ಪಾಲಾಗುತ್ತದೆಂದು ತಿಳಿದಿದ್ದೂ ಕಂಪನಿ ಮತ್ತು ಸರ್ಕಾರ ಎರಡೂ ಸೇರಿ ಜನರನ್ನು ಆಟಕ್ಕೆ ಕರೆದವು. ಅಪರಾಧಿಗಳನ್ನು ಹಿಡಿಯಲು ಬೇರೆ ದಾರಿ ಇರಲಿಲ್ಲವೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಆ ಬೇಸಿಗೆಯಲ್ಲಿ ಚೀಟಿ ಸುಲಿದ ಪ್ರತಿಯೊಬ್ಬ ಗ್ರಾಹಕನಿಗೂ ದೊಡ್ಡ ಬಹುಮಾನದ ಆಸೆ ತೋರಿಸಿದ್ದು ಗೊತ್ತಿದ್ದೂ ಹೇಳಿದ ಸುಳ್ಳು. ಸರಣಿ ಇದನ್ನು ಕಾರ್ಯಾಚರಣೆಯ ರೋಮಾಂಚನದಲ್ಲಿ ದಾಟಿಸಿಬಿಡುತ್ತದೆ. ಮ್ಯಾಥ್ಯೂಸ್ ಅವರಂತಹ ಮಾತುಗಾರ ಕ್ಯಾಮೆರಾ ಮುಂದೆ ಸಿಕ್ಕಾಗ ಯಾವ ನಿರ್ದೇಶಕನಿಗಾದರೂ ಆ ಪ್ರಲೋಭನೆ ಸಹಜ; ಅವರ ಹುಡುಗಾಟ, ನಾಟಕೀಯತೆ ಮೊದಲ ಎರಡು ಕಂತುಗಳನ್ನು ಹಾಸ್ಯ ಚಿತ್ರದಂತೆ ಓಡಿಸುತ್ತವೆ. ನೋಡುಗನಾಗಿ ನಾನೂ ನಕ್ಕಿದ್ದೇನೆ. ಆದರೆ ಒಂದು ಅಪರಾಧ ಕಥನದಲ್ಲಿ ನಾವು ನಿರಾಳವಾಗಿ ನಗುತ್ತಿದ್ದೇವೆಂದರೆ, ನೊಂದವರು ಯಾರೂ ಎದುರಿಗಿಲ್ಲ ಎಂಬುದೇ ಅದಕ್ಕೆ ಕಾರಣ.

ಗೆದ್ದವರಿಗೆ ಮುಖವಿದೆ. ಮೊದಲು ಜಾಹೀರಾತಿನಲ್ಲಿ ಅವರ ನಗುವನ್ನು ಕಂಪನಿ ಬಳಸಿಕೊಂಡಿತು, ಬಳಿಕ ಸುಳ್ಳು ಚಿತ್ರೀಕರಣದಲ್ಲಿ ಅದೇ ನಗುವನ್ನು ಎಫ್‌ಬಿಐ ಸಾಕ್ಷ್ಯವಾಗಿಸಿತು, ಎರಡು ದಶಕಗಳ ನಂತರ ಸಾಕ್ಷ್ಯಚಿತ್ರಕಾರರು ಅವರ ಕಣ್ಣೀರನ್ನು ದಾಖಲಿಸಿದರು. ಮೂರು ಬಾರಿಯೂ ಕ್ಯಾಮೆರಾದ ಎದುರು ಕೂತವರು ಅವರೇ. ಸೋತವರಾದರೋ ಲಕ್ಷಾಂತರ ಮಂದಿ. ಅವರಲ್ಲಿ ಯಾರ ಜೇಬಿನಿಂದಲೂ ಏನೂ ಹೋಗಿಲ್ಲ, ಬಹುಮಾನದ ಚೀಟಿ ನಿಜಕ್ಕೂ ಯಾರ ಲೋಟಕ್ಕೆ ಅಂಟಿಕೊಳ್ಳುತ್ತಿತ್ತೆಂದು ಯಾರೂ ಹೇಳಲಾರರು. ಕಳುವಾದದ್ದು ಒಂದು ಸಂಭವನೀಯತೆ. ಅದಕ್ಕೆ ವಾರಸುದಾರನಿಲ್ಲ, ಆದ್ದರಿಂದ ಸಂದರ್ಶನ ಮಾಡಲೂ ಆಗುವುದಿಲ್ಲ. ಸರಣಿಯ ಕೇಂದ್ರದಲ್ಲಿ ಸೋತವರು ಇಲ್ಲದಿರುವುದಕ್ಕೆ ನಿರ್ದೇಶಕರ ಅಲಕ್ಷ್ಯವಷ್ಟೇ ಕಾರಣವೆಂದು ನಾನು ಹೇಳುವುದಿಲ್ಲ, ಅಪರಾಧದ ಸ್ವಭಾವವೇ ಹಾಗಿದೆ.

ಸರಣಿಯ ಅತ್ಯುತ್ತಮ ಭಾಗ ಬರುವುದು ಅದು ಗೆದ್ದವರ ಕಡೆಗೆ ಗಂಭೀರವಾಗಿ ತಿರುಗಿದಾಗ. ಜಾಕ್ಸನ್‌ವಿಲ್‌ನ ಒಬ್ಬ ಒಂಟಿ ತಾಯಿಯ ಪ್ರಸಂಗವನ್ನು ನೆನೆಯಿರಿ. ಮುಂಗಡದ ಹಣಕ್ಕಾಗಿ ಆಕೆ ಮನೆಯನ್ನು ಅಡವಿಡುತ್ತಾಳೆ, ಬೇರೆ ರಾಜ್ಯದ ನಿವಾಸಿಯಂತೆ ನಟಿಸಬೇಕಾಗುತ್ತದೆ, ಬಹುಮಾನ ಬಂದ ಮೇಲೂ ಮಧ್ಯವರ್ತಿಗಳು ಪಾಲು ಕೇಳುತ್ತಲೇ ಇರುತ್ತಾರೆ. 10 ಲಕ್ಷ ಡಾಲರ್ ಎಂದರೆ ಒಮ್ಮೆಗೇ ಕೈಗೆ ಬರುವ ಗಂಟಲ್ಲ, ವರ್ಷಕ್ಕೆ 50,000 ಡಾಲರ್‌ನಂತೆ 20 ಕಂತು. ಅದರಲ್ಲಿ ತೆರಿಗೆ ಹೋಗಿ, ಪಾಲು ಹೋಗಿ ಉಳಿಯುತ್ತಿದ್ದುದು ಆಕೆ ಮೊದಲು ಕಲ್ಪಿಸಿಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ. ಬಂಧನವಾದ ಮೇಲೆ ಉಳಿದ ಕಂತುಗಳೂ ಇಲ್ಲ. ಆಕೆ ಪೂರ್ಣ ಮುಗ್ಧೆಯೇನಲ್ಲ, ಸುಳ್ಳು ಹೇಳಿದ್ದಳು. ಹಾಗೆಂದು ಆಕೆಯನ್ನೂ ಜೇಕಬ್‌ಸನ್‌ನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನಸ್ಸು ಒಪ್ಪುವುದಿಲ್ಲ. ಮೊದಲ ಕಂತಿನಲ್ಲಿ ನಾವು ನಕ್ಕದ್ದು ಇಂಥವರನ್ನು ನೋಡಿಯೇ ಎಂಬುದು ಆಗ ಅರಿವಿಗೆ ಬರುತ್ತದೆ. ಈ ತಿರುವು ನಿರ್ದೇಶಕರು ಮೊದಲೇ ಯೋಜಿಸಿದ್ದೋ, ಸಂದರ್ಶನಗಳೇ ಅವರನ್ನು ಅಲ್ಲಿಗೆ ಕರೆದೊಯ್ದವೋ ಎಂಬುದು ಚರ್ಚೆಗೆ ಒಳ್ಳೆಯ ವಿಷಯ. ಕೊಲಂಬೊನ ಪತ್ನಿಯ ದೀರ್ಘ ಸಂದರ್ಶನಗಳಿಗೂ ಇಷ್ಟೇ ಮಹತ್ವವಿದೆ. ಆಕೆ ಒಮ್ಮೆ ಬಡಾಯಿ ಕೊಚ್ಚುತ್ತಾಳೆ, ಒಮ್ಮೆ ಕುಸಿಯುತ್ತಾಳೆ. ಜೇಕಬ್‌ಸನ್ ಮಾತ್ರ ಸರಣಿಗೆ ಸಂದರ್ಶನ ಕೊಡಲಿಲ್ಲ. ಆತನ ಗೈರುಹಾಜರಿ ಆರು ಕಂತುಗಳ ಉದ್ದಕ್ಕೂ ಒಂದು ಟೊಳ್ಳನ್ನು ಉಳಿಸಿದೆ, ಮರುಸೃಷ್ಟಿಸಿದ ದೃಶ್ಯಗಳು ಅದನ್ನು ತುಂಬಲಾರವು. ಮಾಹಿತಿದಾರರು ಯಾರೆಂಬ ಕುತೂಹಲವನ್ನು ಬಹಳ ಕಾಲ ಎಳೆದದ್ದೂ ನನಗೆ ಅನವಶ್ಯಕವೆನಿಸಿತು. ನಾಲ್ಕು ಕಂತುಗಳಲ್ಲಿ ಹೇಳಬಹುದಾದ ವಿಷಯವಿದು.

2001ರ ಆಗಸ್ಟ್ 21ರಂದು ಎಂಟು ಮಂದಿಯನ್ನು ಬಂಧಿಸಲಾಯಿತು, ಅಮೆರಿಕದ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಅವರೇ ಸುದ್ದಿಗೋಷ್ಠಿಯಲ್ಲಿ ಅದನ್ನು ಘೋಷಿಸಿದರು. ವಿಚಾರಣೆ ಆರಂಭವಾದದ್ದು ಸೆಪ್ಟೆಂಬರ್ 10ರಂದು. ಮರುದಿನ ನ್ಯೂಯಾರ್ಕ್‌ನ ಗೋಪುರಗಳು ಉರುಳಿದವು, ದೇಶ ಈ ಪ್ರಕರಣವನ್ನು ಮರೆತೇಬಿಟ್ಟಿತು. 2 ಕೋಟಿ 40 ಲಕ್ಷ ಡಾಲರ್‌ಗೂ ಹೆಚ್ಚಿನ ಬಹುಮಾನಗಳನ್ನು ಲಪಟಾಯಿಸಿದ ಪ್ರಕರಣವನ್ನು ಹೊಸ ಸುದ್ದಿಯೆಂಬಂತೆ 2020ರಲ್ಲಿ ಹೇಳಲು ಸಾಧ್ಯವಾದದ್ದು ಆ ಮರೆವಿನಿಂದಲೇ.

ಅಂತಿಮವಾಗಿ 50ಕ್ಕೂ ಹೆಚ್ಚು ಜನ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಆರೋಪಗಳು ಮುಖ್ಯವಾಗಿ ಅಂಚೆಯ ಮೂಲಕ ವಂಚನೆ ಮತ್ತು ಅದಕ್ಕಾಗಿ ನಡೆಸಿದ ಒಳಸಂಚು. ಬಹುಮಾನದ ಹಕ್ಕುಪತ್ರಗಳು ಅಂಚೆಯಲ್ಲಿ ಹೋಗಿದ್ದರಿಂದ ಕೇಂದ್ರ ಸರ್ಕಾರದ ಕಾನೂನು ಅನ್ವಯವಾಯಿತು. ಕಾಗದದ ಮೇಲೆ ವಂಚನೆಗೊಳಗಾದದ್ದು ಬಹುಮಾನ ಕೊಟ್ಟ ಕಂಪನಿ. ಜೇಕಬ್‌ಸನ್‌ಗೆ 37 ತಿಂಗಳ ಸೆರೆ, 1 ಕೋಟಿ 25 ಲಕ್ಷ ಡಾಲರ್ ಮರುಪಾವತಿಯ ಆದೇಶ. ಆದರೆ ತಪ್ಪೊಪ್ಪಿಕೊಳ್ಳದೆ ಜ್ಯೂರಿಯ ಮುಂದೆ ಹೋದ ಕೆಲವರ ಶಿಕ್ಷೆಯನ್ನು 2004ರಲ್ಲಿ ಕೇಂದ್ರದ 11ನೇ ಸರ್ಕಿಟ್ (ವಲಯ) ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಎಲ್ಲರೂ ಸೇರಿ ನಡೆಸಿದ ಒಂದೇ ದೊಡ್ಡ ಒಳಸಂಚು ಎಂಬುದು ಸರ್ಕಾರದ ವಾದವಾಗಿತ್ತು. ನ್ಯಾಯಾಲಯಕ್ಕೆ ಕಂಡದ್ದು, ಚಕ್ರದ ನಡುವೆ ಜೇಕಬ್‌ಸನ್ ಎಂಬ ಗುಂಬ, ಅದರಿಂದ ಹೊರಟ ಅರಗಳು. ಅರಗಳನ್ನು ಒಂದಕ್ಕೊಂದು ಸೇರಿಸುವ ಹೊರಬಳೆಯೇ ಇಲ್ಲದ ಚಕ್ರ. ಗೆದ್ದವರಲ್ಲಿ ಬಹುತೇಕರಿಗೆ ತಮ್ಮ ಬಳಗದಾಚೆಯ ಇತರ ಗೆದ್ದವರ ಪರಿಚಯವೇ ಇರಲಿಲ್ಲ. ಸೋತವರಂತೆಯೇ ಈ ಗೆದ್ದವರೂ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದರು ಎಂಬುದು ನನಗೆ ತೀರ್ಪಿನಲ್ಲಿ ಎದ್ದು ಕಂಡ ಸಂಗತಿ.

ನಿಜಕ್ಕೂ ನಷ್ಟವಾದವರ ಪೈಕಿ ಗುರುತಿಸಬಹುದಾದ ಒಂದು ಗುಂಪೆಂದರೆ ಸೈಮನ್ ಸಂಸ್ಥೆಯ ನೌಕರರು. ಬಂಧನವಾದ ಕೂಡಲೇ ಮೆಕ್‌ಡೊನಾಲ್ಡ್ಸ್ ಎರಡೂವರೆ ದಶಕಗಳ ವ್ಯವಹಾರವನ್ನು ಕಡಿದುಕೊಂಡಿತು, ಇನ್ನೊಂದು ದೊಡ್ಡ ಗ್ರಾಹಕ ಕಂಪನಿಯೂ ಬಿಟ್ಟುಹೋಯಿತು. ಏನೂ ತಪ್ಪು ಮಾಡದವರು ಕೆಲಸ ಕಳೆದುಕೊಂಡರು. ಗ್ರಾಹಕರಿಗೆ ಪರಿಹಾರವೆಂಬಂತೆ ಮೆಕ್‌ಡೊನಾಲ್ಡ್ಸ್ ಆಗಲೇ 1 ಕೋಟಿ ಡಾಲರ್‌ನ ಕೊಡುಗೆಯನ್ನು ಪ್ರಕಟಿಸಿತು. ಅಂಗಡಿಗಳಿಗೆ ಬಂದಿದ್ದ ಗ್ರಾಹಕರಲ್ಲಿ 55 ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿ, ಐವರಿಗೆ ತಲಾ 10 ಲಕ್ಷ, ಉಳಿದ 50 ಮಂದಿಗೆ ತಲಾ 1 ಲಕ್ಷ ಡಾಲರ್. ಹನ್ನೆರಡು ವರ್ಷ ಸೋತವರಿಗೂ ಆ ಕೆಲವು ದಿನ ಅಂಗಡಿಯಲ್ಲಿದ್ದವರಿಗೂ ಸಂಬಂಧವೇನು ಎಂದು ಕೇಳಬಹುದು. ಆದರೆ ಅದೃಷ್ಟವನ್ನು ಹಿಂದಿರುಗಿಸಲು ಇನ್ನೊಂದು ಅದೃಷ್ಟದ ಆಟವನ್ನಲ್ಲದೆ ಬೇರೇನನ್ನು ನಡೆಸಬಹುದಿತ್ತೆಂದು ನನಗೂ ಹೊಳೆಯುವುದಿಲ್ಲ.

ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಪ್ರಕರಣವಿದೆ. ಅಮೆರಿಕದ ಹಲವು ರಾಜ್ಯಗಳ ಲಾಟರಿಗಳಿಗೆ ಸೇವೆ ಒದಗಿಸುತ್ತಿದ್ದ ಸಂಘದ ಮಾಹಿತಿ ಭದ್ರತಾ ನಿರ್ದೇಶಕ ಎಡ್ಡಿ ಟಿಪ್ಟನ್, ಸಂಖ್ಯೆಗಳನ್ನು ಆರಿಸುವ ಕಂಪ್ಯೂಟರ್ ತಂತ್ರಾಂಶದಲ್ಲೇ ಕೈವಾಡ ನಡೆಸಿ, 2010ರ ಡಿಸೆಂಬರ್‌ನಲ್ಲಿ ಅಯೋವಾದ ಅಂಗಡಿಯೊಂದರಲ್ಲಿ ಗೆಲ್ಲುವ ಟಿಕೆಟ್ ಕೊಂಡ. ಅಲ್ಲೂ ಭದ್ರತೆಯ ಹೊಣೆ ಹೊತ್ತವನೇ ಕಳ್ಳ. ಶೌಚಾಲಯ, ಸೀಲುಗಳ ಗೊಡವೆ ಬೇಕಾಗಲಿಲ್ಲ, ಅಷ್ಟೆ. 2025ರಲ್ಲಿ ಮೊನೊಪೊಲಿ ಸ್ಪರ್ಧೆ ಅಮೆರಿಕಕ್ಕೆ ಮರಳಿದಾಗ ಆಟದ ಬಹುಭಾಗ ಮೊಬೈಲ್ ಆ್ಯಪ್‌ಗೆ ಸೇರಿತ್ತು. ಹಾಗಾಗಿ, ಕಾಗದ ಹೋಗಿ ಕಂಪ್ಯೂಟರ್ ಬಂದರೆ ಈ ಕಥೆ ಮುಗಿಯಿತೆಂದು ಭಾವಿಸುವವರಿಗೆ ಟಿಪ್ಟನ್‌ನ ಪ್ರಕರಣವನ್ನು ತಪ್ಪದೆ ಹೇಳಬೇಕು.

ಆತ ಸಿಕ್ಕಿಬಿದ್ದ ಬಗೆಗೂ ನಮ್ಮ ಪ್ರಶ್ನೆಗೂ ನೇರ ಸಂಬಂಧವಿದೆ. ಟಿಕೆಟ್ಟಿನ ಅವಧಿ ಮುಗಿಯುವ ಕೊನೆಯ ಗಳಿಗೆಯಲ್ಲಿ ಬೆಲೀಜ್ ದೇಶದ ಟ್ರಸ್ಟೊಂದರ ಹೆಸರಿನಲ್ಲಿ ಬಹುಮಾನ ಕೇಳಲಾಯಿತು. ಟಿಕೆಟ್ ಕೊಂಡವರು ಯಾರೆಂದು ತಿಳಿಯದೆ ಹಣ ಕೊಡುವುದಿಲ್ಲ ಎಂದು ಅಯೋವಾ ಲಾಟರಿ ಪಟ್ಟುಹಿಡಿಯಿತು. ಮುಂದೆ ಅಂಗಡಿಯ ಕ್ಯಾಮೆರಾ ದೃಶ್ಯವನ್ನು ಬಹಿರಂಗಪಡಿಸಿದಾಗ ಪರಿಚಿತರು ಆತನ ಧ್ವನಿಯನ್ನು ಗುರುತಿಸಿದರು. ಎರಡೂ ಪ್ರಕರಣಗಳಲ್ಲಿ ಮೋಸವನ್ನು ಹೊರಗೆಡವಿದವರು ಸೋತವರಲ್ಲ. ಒಂದರಲ್ಲಿ ಮಾಹಿತಿದಾರರು, ಇನ್ನೊಂದರಲ್ಲಿ ಹಟ ಹಿಡಿದ ಅಧಿಕಾರಿಗಳು. ವ್ಯತ್ಯಾಸವಿಷ್ಟೇ: ಗೆದ್ದವನು ಯಾರು, ಚೀಟಿ ಅವನ ಕೈಗೆ ಹೇಗೆ ಬಂತು ಎಂಬ ಪ್ರಶ್ನೆಯನ್ನು ಅಯೋವಾದವರು ಹಣ ಕೊಡುವ ಮುಂಚೆ ಕೇಳಿದರು. ಮೊನೊಪೊಲಿಯಲ್ಲಿ ಅದೇ ಪ್ರಶ್ನೆಯನ್ನು ಎಫ್‌ಬಿಐ ಬರುವವರೆಗೆ ಕೇಳುತ್ತಿದ್ದುದು ಜಾಹೀರಾತು ತಯಾರಿಸುವವರು, ಮತ್ತು ಅವರಿಗೆ ಉತ್ತರ ಚೆನ್ನಾಗಿದ್ದರೆ ಸಾಕಾಗಿತ್ತು.